ಒಂಬೈನೂರ ಮೂವತ್ತು ಗಂಟೆ

ಅಲಮೇಲು ಟೀಚರ್ ಮೊಮ್ಮಗನ ತಲೆಯನ್ನು ನಾನು ಅರ್ಧ ಬೋಳಿಸಿ ನಿಲ್ಲಿಸಿಬಿಟ್ಟೆ ಅಂತ ಸುದ್ದಿ ಹಬ್ಬಿದೆ. ಆಸ್ಟಿನ್ ಪಕ್ಕದ ರೌಂಡ್ ರಾಕ್‌ನ ಒಂದು ಗರಾಜಿನಲ್ಲಿ ಹುಟ್ಟಿದ ಸುದ್ದಿ ಮಧ್ಯಾಹ್ನದ ಊಟದೊಳಗೆ ಡಲ್ಲಾಸಿನ ಸೌತ್‌ಲೇಕ್ ಮುಟ್ಟಿತಂತೆ. ಸಂಜೆಗೆ ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಕಡೆಯ ಹೆಂಗಸರು, ನನ್ನ ಮುಖವನ್ನೇ ನೋಡದವರು, ನನ್ನನ್ನು ಬೈದರಂತೆ. ಮಗುವಿಗೆ ರಕ್ತ ಬರಿಸಿದೆ ಅಂತಲೂ ಯಾರೋ ಸೇರಿಸಿದ್ದಾರೆ. ಅದು ಸುಳ್ಳು. ಆ ಕೂಸಿನ ತಲೆಯ ಮೇಲೆ ಒಂದು ಗೀರೂ ಇಲ್ಲ. ಅರ್ಧಕ್ಕೆ ನಿಲ್ಲಿಸಿದ್ದು ನಿಜ. ಯಾಕೆ ನಿಲ್ಲಿಸಿದೆ ಅಂತ ಯಾರೂ ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಾನು ಮಧುಶ್ರೀ. ಗದಗಿನವಳು. ಗಂಡ ಸಂಗಮೇಶ ನನ್ನ ಸೋದರತ್ತೆಯ ಮಗ, ನವಲಗುಂದ ಕಡೆಯವನು. ಚಡ್ಡಿ ಹಾಕುವ ಕಾಲದಿಂದ ಒಬ್ಬರಿಗೊಬ್ಬರು ಗೊತ್ತು, ಹಾಗಾಗಿ ನಮ್ಮಲ್ಲಿ ನೀನು-ನಾನು ಅಂತಲೇ ಮಾತು. ಚಿಪ್ ಪರೀಕ್ಷೆ ಮಾಡುವ ಎಂಜಿನಿಯರ್ ಅವನು. ಮಗಳು ಶರ್ವಾಣಿಗೆ ಹತ್ತು ವರ್ಷ. ನಾವು ಹಡಪದ ಜಾತಿಯವರು. ಕ್ಷೌರ ನಮ್ಮ ಹಿರಿಯರ ಕಸುಬು.

ಇಷ್ಟು ಸಣ್ಣ ಮಾತನ್ನು ಈ ದೇಶದಲ್ಲಿ ಬಾಯಿಬಿಟ್ಟು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಸಂಗಮೇಶ ಪಾಸ್‌ಪೋರ್ಟ್ ಮಾಡಿಸುವಾಗಲೇ ಅಡ್ಡಹೆಸರು ಕಿತ್ತು ಹಾಕಿದ್ದ. ಕೇಳಿದವರಿಗೆ "ಧಾರವಾಡ ಕಡೆ ಲಿಂಗಾಯತರು" ಅಂದು ಮಾತು ಬದಲಿಸುತ್ತಿದ್ದ. ಅವನನ್ನು ನಾನು ದೂರುವುದಿಲ್ಲ. ಏಳನೇ ಇಯತ್ತೆಯಲ್ಲಿ ಅವನು ಇಡೀ ಶಾಲೆಗೆ ಮೊದಲು ಬಂದಾಗ ಮಾಸ್ತರು ಅಂಕಪಟ್ಟಿ ಎತ್ತಿ ಹಿಡಿದು, "ಗದಿಗೆಪ್ಪನ ಮಗ ಸಾಲಿ ಕಲ್ತ ಅಂದ್ರ ನನ್ನ ಗಡ್ಡ ಯಾರ್ ಹೆರೀಬೇಕಲೇ?" ಅಂದಿದ್ದರು. ಇಡೀ ತರಗತಿ ನಕ್ಕಿತ್ತು. ಮಾರನೇ ದಿನ ಗದಿಗೆಪ್ಪ ಮಾವ ಅದೇ ಮಾಸ್ತರ ಮನೆಯ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ಅದೇ ಗಡ್ಡ ಹೆರೆದು ಬಂದರು. ನಮ್ಮವರ ಕಸುಬಿನ ಹೆಸರನ್ನೇ ಬೈಗುಳ ಮಾಡಿಕೊಂಡ ಊರಿನಿಂದ ಅವನು ಓಡಿ ಬಂದಿದ್ದ.

ನಾನು ಅದೇ ಕಸುಬು ಕಲಿಯಲು ಹೊರಟಾಗ ಮನೆಯಲ್ಲಿ ರಂಪವಾಯಿತು.

"ಕಂಪ್ಯೂಟರ್ ಕಲಿ, ನರ್ಸಿಂಗ್ ಕಲಿ, ಏನರ ಕಲಿ. ಅದನ್ನ ಯಾಕ ಕಲೀತಿ?" ಅಂದ.

"ನಮ್ಮ ಮನ್ಯಾಗ ಹೆಣ್ಣಮಕ್ಕಳಿಗೆ ಕತ್ತಿ ಮುಟ್ಟಾಕ ಕೊಟ್ಟಿಲ್ಲ. ನಂಗ ಇಷ್ಟ ಐತಿ, ಕಲೀತೀನಿ," ಅಂದೆ.

ನಾರ್ತ್ ಆಸ್ಟಿನ್‌ನಲ್ಲಿ ಟೈರ್ ಅಂಗಡಿಗೂ ಲಾಂಡ್ರಿಗೂ ನಡುವೆ ಒಂದು ಬಾರ್ಬರ್ ಶಾಲೆ. ಲೈಸನ್ಸ್ ಬೇಕಾದರೆ ಸಾವಿರ ಗಂಟೆ ತುಂಬಿಸಬೇಕು. ಕಾರ್ಡ್ ತೋರಿಸಿ ಒಳಗೆ ಹೋದರೆ ಗಂಟೆ ಶುರು, ಹೊರಗೆ ಬಂದರೆ ನಿಂತಿತು. ದಿನಕ್ಕೆ ಆರು ಗಂಟೆ ನಿಂತೇ ಇರಬೇಕು. ಮೊದಲ ತಿಂಗಳು ಹಿಮ್ಮಡಿ ಬಿರುಕು ಬಿಟ್ಟಿತು, ಸೊಂಟ ಹಿಡಿಯಿತು, ಬೆರಳ ಸಂದಿಯಲ್ಲಿ ಸಣ್ಣ ಕೂದಲು ಚುಚ್ಚಿ ಕೀವಾಯಿತು. ಬ್ಲೇಡ್ ಹಿಡಿಯುವುದನ್ನು ಕಲಿಸಲು ನಮ್ಮ ಟೀಚರ್ ಮಿಸ್ ಡೆನೀಸ್ ಬಲೂನು ಕೊಡುತ್ತಿದ್ದಳು. ಊದಿದ ಬಲೂನಿಗೆ ನೊರೆ ಹಚ್ಚಿ, ಒಡೆಯದ ಹಾಗೆ ಬ್ಲೇಡಿನಿಂದ ನೊರೆ ತೆಗೆಯಬೇಕು. ನಾನು ನಲವತ್ತೊಂದು ಬಲೂನು ಒಡೆದೆ. ನಲವತ್ತೆರಡನೆಯದು ಉಳಿಯಿತು. ಆ ಅರವತ್ತು ವರ್ಷದ ಕರಿಯ ಹೆಂಗಸು ಚಪ್ಪಾಳೆ ಹೊಡೆದು ಇಡೀ ಶಾಲೆಗೆ ಕೂಗಿ ಹೇಳಿದಳು. ಅವಳ ಅಪ್ಪನೂ ಬಾರ್ಬರ್. ಅವನ ಫೋಟೋ ಬಾಗಿಲ ಎದುರಿಗೇ ಹಾಕಿದ್ದಾಳೆ, ಕೋಟು-ಟೈ ಹಾಕಿದ್ದು. ಆ ಫೋಟೋ ನೋಡಿದ ದಿನ ನಾನು ಕಾರಿನಲ್ಲಿ ಕೂತು ಅತ್ತೆ. ಗದಿಗೆಪ್ಪ ಮಾವನದು ನಮ್ಮಲ್ಲಿ ಇದ್ದದ್ದು ಒಂದೇ ಫೋಟೋ, ಅದು ಕಪಾಟಿನ ಒಳಗೆ ಸೀರೆ ಕೆಳಗಿತ್ತು.

ಹೊರಗೆ ಯಾರಿಗೂ ಇದನ್ನು ಹೇಳಿರಲಿಲ್ಲ. "ಸರ್ಟಿಫಿಕೇಟ್ ಕೋರ್ಸ್" ಅನ್ನುತ್ತಿದ್ದೆ. ಎಲ್ಲರೂ ಕಂಪ್ಯೂಟರಿನದು ಅಂದುಕೊಂಡಿದ್ದರು.

ಶರ್ವಾಣಿ ಮೂರು ವರ್ಷದಿಂದ ಅಲಮೇಲು ಟೀಚರ ಹತ್ತಿರ ಸಂಗೀತ ಕಲಿಯುತ್ತಿದ್ದಳು. ಟೀಚರ್ ಮೈಸೂರಿನವರು. ರೌಂಡ್ ರಾಕ್‌ನ ಮನೆಯ ಮುಂದಿನ ಕೋಣೆಯಲ್ಲಿ ಐದು ಹುಡುಗಿಯರ ಬ್ಯಾಚು. ಅದರಲ್ಲಿ ಶರ್ವಾಣಿಯೇ ಚೆನ್ನಾಗಿ ಹಾಡುವವಳು. ಇದು ತಾಯಿ ಮಾತಲ್ಲ, ಟೀಚರೇ ಹತ್ತು ಸಲ ಹೇಳಿದ್ದು. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಮಾತು ಇಂಗ್ಲಿಷ್. ಆದರೆ ಹಾಡುವಾಗ ಕನ್ನಡ ಬಿಟ್ಟು ಬೇರೆ ನಾಲಿಗೆ ಇಲ್ಲ ಅನ್ನುವ ಹಾಗೆ ಹಾಡುತ್ತಾಳೆ.

ಈ ವರ್ಷ ಸಂಗಮೇಶನ ಕಂಪನಿ ಇನ್ನೂರು ಜನರನ್ನು ಒಂದೇ ಬೆಳಿಗ್ಗೆ ತೆಗೆದುಹಾಕಿತು. ಅದರಲ್ಲಿ ಅವನೂ ಇದ್ದ. ಅವನಂಥ ವೀಸಾದವರಿಗೆ ಅರವತ್ತು ದಿನ ಅವಕಾಶ. ಅಷ್ಟರೊಳಗೆ ಇನ್ನೊಂದು ಕಂಪನಿ ಸೇರಿಸಿಕೊಳ್ಳದಿದ್ದರೆ ಗಂಟುಮೂಟೆ ಕಟ್ಟಬೇಕು. ಅವನ ವೀಸಾ ಹೋದರೆ ನನ್ನದೂ ಹೋಯಿತು, ನನ್ನ ಸಾವಿರ ಗಂಟೆ ನೀರಿಗೆ ಹೋಯಿತು, ಮಗಳ ಶಾಲೆ ಹೋಯಿತು. ಸಂಗಮೇಶ ಮುನ್ನೂರು ಕಡೆ ಅರ್ಜಿ ಹಾಕಿದ. ಊಟ ಬಿಟ್ಟ. ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದ. ಒಂದು ಬಾಚಿಹಲ್ಲು ಸೀಳಿ ಹೋಯಿತು. ಉಳಿದ ಆಸೆ ಒಂದೇ: ಅಲಮೇಲು ಟೀಚರ ಮಗ ಪ್ರದ್ಯುಮ್ನ. ಅವನು ಇನ್ನೊಂದು ಚಿಪ್ ಕಂಪನಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದ. "ನೋಡೋಣ, ನಮ್ಮ ಟೀಮಿನಲ್ಲೇ ಒಂದು ಜಾಗ ಇದೆ, ನಾನು ಮಾತಾಡ್ತೀನಿ" ಅಂದಿದ್ದ. ಆ ಒಂದು ಮಾತಿಗೆ ನಾವು ಮೂವರೂ ಜೋತುಬಿದ್ದಿದ್ದೆವು.

ಇಪ್ಪತ್ತೈದು ದಿನ ಉಳಿದಿದ್ದಾಗ ನಾನು ತಪ್ಪು ಮಾಡಿದೆ.

ಭಾನುವಾರದ ಕ್ಲಾಸ್ ಮುಗಿದಿತ್ತು. ಟೀಚರ್ ಚಪ್ಪಲಿ ಸ್ಟ್ಯಾಂಡಿನ ಹತ್ತಿರ ನಿಂತು ತಾಯಂದಿರ ಮುಂದೆ ಗೋಳು ಹೇಳಿಕೊಳ್ಳುತ್ತಿದ್ದರು. ಮೊಮ್ಮಗ ಆತ್ರೇಯನಿಗೆ ಮೂರು ವರ್ಷ. ಮುಂದಿನ ಭಾನುವಾರ ಚೌಲ, ಮೊದಲ ಸಲ ತಲೆಗೂದಲು ತೆಗೆಸುವ ಶಾಸ್ತ್ರ.

"ಇಲ್ಲಿ ಸಲೂನಿನವರು ಅಷ್ಟು ಚಿಕ್ಕ ಮಗುಗೆ ಬ್ಲೇಡ್ ಹಾಕಲ್ಲ ಅಂತಾರೆ. ಮೆಷಿನ್ ಹಾಕ್ತೀವಿ ಅಂತಾರೆ. ಮೆಷಿನ್ ಹಾಕಿಸಿದ್ರೆ ಅದು ಚೌಲಾನಾ? ಅದೂ ಮನೆಗೆ ಯಾರೂ ಬರಲ್ಲ. ಏನ್ ಮಾಡ್ಲಿ ಹೇಳಿ."

ನನಗೆ ಕಂಡದ್ದು ಪ್ರದ್ಯುಮ್ನನ ಟೀಮಿನ ಆ ಜಾಗ. ಒಂದು ಉಪಕಾರ ಮಾಡಿದರೆ ಮಾತು ಬೇಗ ಆದೀತು ಅಂದುಕೊಂಡೆ. ನನ್ನ ವಿದ್ಯೆ ನನ್ನ ಕೈಯಲ್ಲಿತ್ತು. ಡಾಕ್ಟರಾದವಳು ನಾಡಿ ನೋಡುತ್ತೇನೆ ಅನ್ನುವ ಹಾಗೆ ಅಂದುಬಿಟ್ಟೆ.

"ನಾ ಮಾಡಿಕೊಡ್ತೀನ್ರಿ ಟೀಚರ್. ನಾ ಕಲಿಯಾಕತ್ತಿದ್ದು ಬಾರ್ಬರ್ ಕೋರ್ಸ್. ಒಂಬೈನೂರು ತಾಸು ಆತು. ಬ್ಲೇಡ್ ಕೆಲಸ ಛಲೋ ಬರತೈತಿ."

ಟೀಚರ್ ನನ್ನನ್ನೇ ನೋಡಿದರು.

"ಬಾರ್ಬರ್ ಕೋರ್ಸಾ? ನಿಮ್ಮನೇಲಿ ಹೇಗೆ ಒಪ್ಪಿದ್ರು? ನೀವು ಲಿಂಗಾಯತ್ರು ಅಂದ ಹಾಗಿತ್ತಲ್ಲ?"

ಸುಳ್ಳು ಹೇಳಬಹುದಿತ್ತು. ಹನ್ನೊಂದು ವರ್ಷ ಹೇಳಿ ಸಾಕಾಗಿತ್ತು.

"ಹಡಪದ್ರೀ," ಅಂದೆ.

ಅವರ ಮುಖ ಗಂಟಿಕ್ಕುತ್ತದೆ ಅಂದುಕೊಂಡಿದ್ದೆ. ಅದಕ್ಕೆ ಸಿದ್ಧಳಾಗಿದ್ದೆ. ಆದರೆ ಮುಖ ಅರಳಿತು. ಆ ಅರಳಿದ ಮುಖ ನೆನಪಾದರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ.

"ಅಯ್ಯೋ! ಮೊದಲೇ ಹೇಳಬಾರದಾ! ದೇವರೇ ಕಳಿಸಿದ ಹಾಗಾಯ್ತು ನೋಡಿ. ಈ ದೇಶದಲ್ಲಿ ಸರಿಯಾದ ಕುಲದವರೇ ಸಿಕ್ಕಿಬಿಟ್ರಲ್ಲ! ಅದಕ್ಕೆಲ್ಲ ಕೋರ್ಸ್ ಯಾಕಮ್ಮ? ನಿಮಗೆ ರಕ್ತದಲ್ಲೇ ಬಂದಿರುತ್ತೆ. ಭಾನುವಾರ ಒಂಬತ್ತಕ್ಕೆ ಬಂದುಬಿಡು."

ಮೂರು ವರ್ಷ "ಬನ್ನಿ ಮಧುಶ್ರೀ" ಅಂದ ಬಾಯಿ ಅದೇ ಮಾತಿನ ಕೊನೆಗೆ ಬಾ, ಹೋಗು ಶುರು ಮಾಡಿತು. ನಲವತ್ತೊಂದು ಬಲೂನು, ಬಿರಿದ ಹಿಮ್ಮಡಿ, ಒಂಬೈನೂರು ಗಂಟೆ, ಎಲ್ಲವನ್ನೂ ಒಂದೇ ಮಾತಿನಲ್ಲಿ ರಕ್ತಕ್ಕೆ ಹಾಕಿಬಿಟ್ಟರು.

ಮನೆಗೆ ಬಂದು ಹೇಳಿದಾಗ ಸಂಗಮೇಶ ಗೋಡೆಗೆ ಕೈ ಊರಿ ನಿಂತ.

"ಹೇಳಿದೇನು? ನಮ್ಮದು ಅಂತ ಹೇಳಿದೇನು ಮಧೂ?"

"ಹೇಳಿದೆ."

ಅವನು ಕೂಗಾಡಲಿಲ್ಲ. ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡ. ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು.

ಮಾರನೇ ದಿನವೇ ಸೌತ್‌ಲೇಕ್‌ನಿಂದ ಫೋನ್ ಬಂತು. ಅಲಮೇಲು ನಂಬರ್ ಕೊಟ್ಟರು ಅಂದಳು ಹೆಂಗಸು. ಅವಳಿಗೆ ಅವಳಿ ಮೊಮ್ಮಕ್ಕಳಂತೆ. "ಡ್ರೈವ್ ಮಾಡ್ಕೊಂಡು ಬಂದುಬಿಡ್ತೀಯಾ? ಊಟ ಕಟ್ಟಿ ಕೊಡ್ತೀವಿ." ನನ್ನ ಹೆಸರು ಕೇಳಲಿಲ್ಲ. ಸಂಜೆ ಹ್ಯೂಸ್ಟನ್ನಿನಿಂದ ಇನ್ನೊಬ್ಬಳು. ಅವಳಿಗೆ ಇನ್ನೂ ಹುಟ್ಟದ ಮೊಮ್ಮಗನ ಚಿಂತೆ. ಮೂರು ಊರಿಗೆ ಒಬ್ಬಳು ಕ್ಷೌರದವಳು ಸಿಕ್ಕಿದ ಸಂಭ್ರಮ. ಮೂರೂ ಊರಿನಲ್ಲಿ ಸಂಗಮೇಶನ ಗೆಳೆಯರಿದ್ದರು, ಅವನು ಅಡ್ಡಹೆಸರಿಲ್ಲದೆ ಸಂಪಾದಿಸಿದ ಗೆಳೆಯರು. ಅವರಲ್ಲಿ ಒಬ್ಬನೂ ಆ ವಾರ ಅವನ ಫೋನ್ ಎತ್ತಲಿಲ್ಲ.

ಮಂಗಳವಾರ ಟೀಚರ ಮೆಸೇಜ್ ಬಂತು. "ಶರ್ವಾಣಿಗೆ ಇನ್ನು ಮೇಲೆ ಆನ್‌ಲೈನ್ ಕ್ಲಾಸ್. ಅವಳ ಶ್ರುತಿ ಈ ಬ್ಯಾಚಿಗೆ ಹೊಂದುತ್ತಿಲ್ಲ." ಮೂರು ವರ್ಷ ಅದೇ ನಾಲ್ವರ ನಡುವೆ ಕೂತು, ಅದೇ ಶ್ರುತಿಗೆ ಹಾಡಿದವಳು. ಶ್ರುತಿ ಯಾವಾಗ ಕೆಟ್ಟಿತು ಅಂತ ನನಗೆ ಗೊತ್ತಿತ್ತು. ಭಾನುವಾರ, ಚಪ್ಪಲಿ ಸ್ಟ್ಯಾಂಡಿನ ಹತ್ತಿರ ಕೆಟ್ಟಿತ್ತು.

ಬುಧವಾರ ಸಂಜೆ ಮಗಳು ಲ್ಯಾಪ್‌ಟಾಪ್ ಮುಂದೆ ಚಾಪೆ ಹಾಸಿ ಕೂತಳು. ಹಣೆಗೆ ಬೊಟ್ಟಿಟ್ಟುಕೊಂಡಿದ್ದಳು. ತೆರೆಯ ಮೇಲೆ ಟೀಚರ್, ಅವರ ಮುಂದೆ ನಾಲ್ವರು ಹುಡುಗಿಯರ ಬೆನ್ನು.

"ಮ್ಯೂಟ್ ಮಾಡ್ಕೊಳಮ್ಮ. ನಿನ್ನ ಧ್ವನಿ ತಡವಾಗಿ ಬಂದು ಇವರಿಗೆ ತೊಂದ್ರೆ ಆಗುತ್ತೆ," ಅಂದರು.

ಅವಳು ಮ್ಯೂಟ್ ಮಾಡಿಕೊಂಡಳು. ನಲವತ್ತು ನಿಮಿಷ ಹಾಡಿದಳು. ಬೆನ್ನು ನೇರ, ತೊಡೆಯ ಮೇಲೆ ತಾಳ. ಅವಳ ದನಿ ನಮ್ಮ ಅಪಾರ್ಟ್‌ಮೆಂಟಿನ ಆ ಕೋಣೆ ದಾಟಿ ಎಲ್ಲಿಗೂ ಹೋಗಲಿಲ್ಲ. ಟೀಚರ್ ಒಂದು ಸಲವೂ ತೆರೆಯ ಕಡೆ ಕಣ್ಣು ಹಾಯಿಸಲಿಲ್ಲ. ಕೊನೆಗೆ ಯಾರೋ ಬಂದು ಕಾಲ್ ಕಟ್ ಮಾಡಿದರು.

"ಅಮ್ಮಾ, ಡಿಡ್ ಐ ಡು ಸಮ್‌ಥಿಂಗ್ ರಾಂಗ್?" ಅಂತ ಕೇಳಿದಳು.

ಹತ್ತು ವರ್ಷದ ಮಗು. ಏನು ಹೇಳಲಿ? ನಾನು ಎದ್ದು ಅಡುಗೆಮನೆಗೆ ಹೋಗಿ, "ನಾ ಭಾನುವಾರ ಹೋಗೂದಿಲ್ಲ," ಅಂದೆ ಸಂಗಮೇಶನಿಗೆ.

ಅವನು ಎರಡೂ ಕೈ ಜೋಡಿಸಿದ. ನನ್ನ ಗಂಡ, ನನ್ನ ಅತ್ತೆ ಮಗ, ನನ್ನೊಂದಿಗೆ ಮಾವಿನಕಾಯಿ ಕದ್ದವನು, ನನಗೆ ಕೈ ಮುಗಿದ.

"ಇದೊಂದ್ ಸಲ ಮಾಡಿಬಿಡು ಮಧೂ. ಅರ್ಧ ತಾಸಿನ ಕೆಲಸ. ಸೋಮವಾರ ಪ್ರದ್ಯುಮ್ನ ಮಾತಾಡ್ತಾನಂತ. ಮೆಸೇಜ್ ಹಾಕ್ಯಾನ. ಭಾನುವಾರಕ್ಕ ಹದಿನೆಂಟ ದಿನ ಉಳೀತಾವು. ಹದಿನೆಂಟ. ಆಮ್ಯಾಲೆ ಸಾಯೂತನಕ ಅವರ ಹೊಸ್ತಿಲ ತುಳಿಯೂದು ಬ್ಯಾಡ."

"ಮಗಳ ಕ್ಲಾಸ್ ನೋಡಿದಿಲ್ಲೋ?"

"ನೋಡೀನಿ," ಅಂದ. "ನೋಡೀನಿ. ಅದಕ್ಕ ಕೈ ಮುಗೀತೀನಿ."

ನಾನು ಒಪ್ಪಿದೆ. ಬಡತನಕ್ಕಿಂತ ಕೆಟ್ಟದ್ದು ಈ ಅರವತ್ತು ದಿನದ ಭಯ. ಅದು ಮನುಷ್ಯನನ್ನು ಯಾವುದಕ್ಕೂ ಒಪ್ಪಿಸುತ್ತದೆ.

ಶನಿವಾರ ಫೋನಿಗೆ ಸೂಚನೆಗಳು ಬಂದವು. ತಲೆಗೆ ಸ್ನಾನ ಮಾಡಿ ಬರಬೇಕು. ಮೆಷಿನ್ ತರಬಾರದು. ಕಾರು ಮನೆ ಮುಂದೆ ಬೇಡ, ರಸ್ತೆಯ ತಿರುವಿನಲ್ಲಿ ನಿಲ್ಲಿಸಬೇಕು. ಗರಾಜಿನ ಪಕ್ಕದ ಬಾಗಿಲಿನಿಂದ ಬರಬೇಕು. ಒಳಗೆ ಎಲ್ಲರೂ ಮಡಿಯಲ್ಲಿರುತ್ತಾರೆ, ಬಾತ್‌ರೂಮ್ ಬೇಕಾದರೆ ಮನೆಯಲ್ಲೇ ಮುಗಿಸಿಕೊಂಡು ಬರುವುದು ಒಳ್ಳೆಯದು. ಕೊನೆಯಲ್ಲಿ ಕೈ ಮುಗಿಯುವ ಒಂದು ಚಿತ್ರ.

ಭಾನುವಾರ ಬೆಳಿಗ್ಗೆಯೇ ಬಿಸಿಲು ಕಾದಿತ್ತು. ಗರಾಜಿನಲ್ಲಿ ಎರಡನೇ ಫ್ರಿಜ್ಜು, ಸೈಕಲ್ಲು, ಗಾಲ್ಫ್ ಚೀಲ. ನಡುವೆ ಒಂದು ಮಣೆ, ಅದರ ಮೇಲೆ ಪ್ರದ್ಯುಮ್ನ, ಅವನ ತೊಡೆಯ ಮೇಲೆ ಆತ್ರೇಯ. ಒಳಗಿನ ಹೋಮದ ಹೊಗೆ ಬಾಗಿಲ ಸಂದಿಯಿಂದ ಬರುತ್ತಿತ್ತು. ಶಾಸ್ತ್ರದ ಮೊದಲ ನಾಲ್ಕು ಎಳೆ ಕೂದಲನ್ನು ಅಪ್ಪನೇ ದರ್ಭೆ ಹಿಡಿದು ಕತ್ತರಿಸಿ ಬಂದಿದ್ದ. ಉಳಿದದ್ದು ನನ್ನ ಪಾಲು.

"ಮಗು ಕುರ್ಚಿ ಮ್ಯಾಲೆ ಕೂತರೆ ನಂಗ ಕೈ ನಿಲುಕತೈತ್ರಿ," ಅಂದೆ. ಗೋಡೆಗೆ ಮಡಿಸಿಟ್ಟ ಕುರ್ಚಿ ಇತ್ತು.

"ಬೇಡ ಬೇಡ, ಕೆಳಗೇ ಕೂತು ಮಾಡು. ಅದೇ ಪದ್ಧತಿ," ಅಂದರು ಟೀಚರ್ ಬಾಗಿಲಲ್ಲೇ ನಿಂತು.

ಪ್ರದ್ಯುಮ್ನನಿಗೆ ಮುಖ ತೋರಿಸಲೆಂದು ಸಂಗಮೇಶನೂ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದ. ಯಾರೂ ಅವನಿಗೆ ಕೂರಲು ಹೇಳಲಿಲ್ಲ. ಫ್ರಿಜ್ಜಿನ ಪಕ್ಕ ನಿಂತ. ಶರ್ವಾಣಿಯನ್ನು ಮನೆಯಲ್ಲಿ ಒಬ್ಬಳನ್ನೇ ಬಿಡುವಂತಿರಲಿಲ್ಲ. ಅವಳು ಅಪ್ಪನ ಪಕ್ಕ ನಿಂತಳು.

ನಾನು ಸಿಮೆಂಟಿನ ಮೇಲೆ ಕುಕ್ಕರಗಾಲಲ್ಲಿ ಕೂತೆ. ಗದಿಗೆಪ್ಪ ಮಾವ ಐವತ್ತು ವರ್ಷ ಕೂತ ಹಾಗೆ. ಐದೇ ನಿಮಿಷಕ್ಕೆ ಮಂಡಿಯ ಹಿಂದೆ ನರ ಎಳೆಯಿತು. ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಮಗುವಿನ ತಲೆಗೆ ಹಾಕಿದೆ. ಉದ್ದ ಕೂದಲನ್ನು ಕತ್ತರಿಯಿಂದ ತೆಗೆದೆ. ನೊರೆ ಹಚ್ಚಿದೆ. ಹೊಸ ಬ್ಲೇಡ್ ಹಾಕಿದೆ. ಮಗು ಅಪ್ಪನ ಫೋನಿನಲ್ಲಿ ಕಾರ್ಟೂನ್ ನೋಡುತ್ತಿತ್ತು. ಚರ್ಮ ತೆಳು, ಕೆಳಗೆ ನೀಲಿ ನರ ಮಿಡಿಯುತ್ತಿತ್ತು. ಹಣೆಯಿಂದ ನೆತ್ತಿಗೆ, ನೆತ್ತಿಯಿಂದ ಎಡಗಿವಿಯ ಕಡೆಗೆ. ಬೆವರು ನನ್ನ ಕಣ್ಣಿಗಿಳಿಯಿತು. ಒರೆಸಿಕೊಳ್ಳಲಿಲ್ಲ. ಕೈ ಅಲುಗಲಿಲ್ಲ. ಎಡಭಾಗ ಪೂರ್ತಿ ಬೋಳಾಯಿತು.

"ನೋಡು ಹೇಗೆ ಮಾಡ್ತಾಳೆ!" ಅಂದರು ಟೀಚರ್ ಸೊಸೆ ಪ್ರಿಯಂವದಾಗೆ. "ಕಲಿತು ಬರೋದಲ್ಲ ಇದು."

ಆಗ ಒಳಗೆ ನಾಲ್ವರು ಹುಡುಗಿಯರು ಹಾಡಲು ಶುರು ಮಾಡಿದರು. ಬ್ಯಾಚಿನ ಹುಡುಗಿಯರು. ಅವರನ್ನು ಕರೆದಿದ್ದರು. ಶರ್ವಾಣಿ ತಲೆ ಎತ್ತಿದಳು. ಅವಳಿಗೆ ಆ ಹಾಡು ಬರುತ್ತಿತ್ತು, ಎಲ್ಲರಿಗಿಂತ ಚೆನ್ನಾಗಿ ಬರುತ್ತಿತ್ತು. ಯಾರನ್ನೂ ಕೇಳದೆ ಚಪ್ಪಲಿ ಬಿಟ್ಟು, ತೆರೆದಿದ್ದ ಬಾಗಿಲು ದಾಟಿ ಒಳಗೆ ಎರಡು ಹೆಜ್ಜೆ ಇಟ್ಟಳು. ಹಾಡುತ್ತಲೇ ಇಟ್ಟಳು.

ಟೀಚರ್ ಎರಡೂ ಕೈ ಅಡ್ಡ ಹಿಡಿದರು. ಮುಟ್ಟಲಿಲ್ಲ. ಕೋಳಿ ಅಟ್ಟುವ ಹಾಗೆ ಅಟ್ಟಿದರು.

"ಇಲ್ಲಲ್ಲ, ಹೊರಗೆ ಹೋಗು. ಒಳಗೆ ಮಡಿ. ನೀನು ಮನೆಗೆ ಹೋಗಿ ಹಾಡಿ, ರೆಕಾರ್ಡ್ ಮಾಡಿ ಕಳಿಸು."

ಮಗಳು ಹಿಂದೆ ಸರಿದಳು. ಹಾಡು ನಿಂತಿತು. ಟೀಚರ್ ಸೊಸೆಯ ಕಡೆ ತಿರುಗಿ, ದನಿಯನ್ನೂ ತಗ್ಗಿಸದೆ ಅಂದರು:

"ಅಲ್ಲೊಂದು ಸಲ ಒರೆಸಿಬಿಡು."

ಪ್ರಿಯಂವದಾ ಮಾಪ್ ತಂದಳು. ನನ್ನ ಮಗಳು ನಿಂತಿದ್ದ ಎರಡು ಟೈಲ್ಸ್ ಒರೆಸಿದಳು. ಮಗಳು ತನ್ನ ಪಾದ ಎತ್ತಿ ಅಡಿ ನೋಡಿಕೊಂಡಳು. ಕೊಳೆ ಆಗಿದೆಯೇನೋ ಅಂತ. ಏನೂ ಇರಲಿಲ್ಲ.

ನಾನು ಬ್ಲೇಡ್ ಮಡಿಸಿ ಕೆಳಗಿಟ್ಟೆ.

ಎದ್ದೆ. ಮಂಡಿ ಸೆಟೆದು ಹೋಗಿತ್ತು, ಪ್ರದ್ಯುಮ್ನನ ಹೆಗಲು ಹಿಡಿದೇ ಎದ್ದೆ. ಅವನು ಬೆಚ್ಚಿದ. ಗೋಡೆಯ ಕುರ್ಚಿ ತಂದು ಬಿಚ್ಚಿ, ಅದರ ಮೇಲೆ ಕೂತೆ.

"ಯಾಕೆ? ಏನಾಯ್ತು?" ಅಂದರು ಟೀಚರ್. "ಇನ್ನೂ ಅರ್ಧ ಇದೆ."

"ಹೌದ್ರಿ. ಇನ್ನ ನಾ ಮಾಡೂದಿಲ್ಲ."

"ಏನು ಮಾಡೂದಿಲ್ಲ? ಹತ್ತೂವರೆಗೆ ಲಗ್ನ ಮುಗಿಯುತ್ತೆ! ಪುರೋಹಿತರು ಕಾಯ್ತಾ ಇದಾರೆ! ಮಗು ತಲೆ ನೋಡು ಹೇಗಿದೆ!"

"ನೀವ ಮುಗಸ್ರಿ. ನಾ ಹೇಳಿಕೊಡ್ತೀನಿ. ಕಲಿತು ಬರೂದಲ್ಲ ಅಂದ್ರಲ್ಲ, ನೋಡೂಣು. ನಂಗ ಒಂಬೈನೂರ ಮೂವತ್ತು ತಾಸು ಹಿಡೀತು. ನಿಮ್ಮ ಮಗ ಶಾಣ್ಯಾ ಇದ್ದಾನ, ಅರ್ಧ ತಾಸಿನ್ಯಾಗ ಕಲೀತಾನ."

ಟೀಚರ ಮುಖ ಕೆಂಪಾಯಿತು. "ನಮ್ಮ ಮಗ ಅದನ್ನ ಮುಟ್ಟಬೇಕಾ? ಹೋಮಕ್ಕೆ ಕೂರೋ ಕೈಯಲ್ಲಿ?" ಅಂದರು. ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಆಗ ಅವರು ಸಂಗಮೇಶನ ಕಡೆ ತಿರುಗಿದರು. ದನಿ ಬೆಣ್ಣೆಯಾಯಿತು.

"ನೋಡಪ್ಪ ಸಂಗಮೇಶ, ನಿನ್ನ ಹೆಂಡತಿಗೆ ಕೋಪ ಬಂದಿದೆ. ನೀನಾದ್ರೂ ಮುಗಿಸಿಕೊಡು. ನಿನಗೂ ಬರುತ್ತಲ್ಲ."

ಪ್ರದ್ಯುಮ್ನ ಮಗುವನ್ನು ಹಿಡಿದುಕೊಂಡೇ ಅಂದ: "ಪ್ಲೀಸ್ ಸಂಗಮೇಶ್. ನಾಳೆ ನಿಮ್ಮ ವಿಷಯ ಮಾತಾಡ್ತೀನಿ ಅಂದಿದ್ದೀನಲ್ಲ. ಜಾಗ ಇನ್ನೂ ಇದೆ. ಇದನ್ನ ಮುಗಿಸಿಬಿಡಿ."

ಇಷ್ಟು ಬೆತ್ತಲೆಯಾಗಿ ಯಾರೂ ಯಾರನ್ನೂ ಕೊಂ‌ಡುಕೊಳ್ಳಬಾರದು.

ಸಂಗಮೇಶ ಫ್ರಿಜ್ಜಿನ ಪಕ್ಕದಿಂದ ಬಂದ. ಒಂದು ಹೆಜ್ಜೆ, ಇನ್ನೊಂದು. ಅವನು ಮುಗಿಸಿಬಿಡುತ್ತಾನೆ ಅಂತ ನನಗೆ ಖಾತ್ರಿಯಿತ್ತು. ಅವನು ಮುಗಿಸಿದರೆ ನಾನು ತಡೆಯುವವಳಿರಲಿಲ್ಲ. ಹದಿನೆಂಟು ದಿನ ನನಗೂ ಗೊತ್ತಿತ್ತು. ಸೀಳಿದ ಆ ಹಲ್ಲು ನನಗೂ ಗೊತ್ತಿತ್ತು. ಅವನು ಬಗ್ಗಿ ಕತ್ತಿ ಎತ್ತಿಕೊಂಡ. ಮಡಿಕೆ ಬಿಚ್ಚಿದ. ಬೆರಳುಗಳು ತಾವೇ ತಮ್ಮ ಜಾಗ ಹುಡುಕಿಕೊಂಡವು. ರಜೆಯಲ್ಲಿ ಅಪ್ಪನ ಹಿಂದೆ ಮನೆ ಮನೆ ತಿರುಗಿದ ಹುಡುಗ ಅವನು. ಈ ವಿದ್ಯೆ ಅವನಿಗೆ ನಿಜಕ್ಕೂ ಬರುತ್ತಿತ್ತು.

ಬಾಗಿಲ ಬಳಿ ಶರ್ವಾಣಿ ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅವನು ಅವಳನ್ನು ನೋಡಿದ.

ಆಮೇಲೆ ಕತ್ತಿಯ ಹಿಡಿಯನ್ನು ಪ್ರದ್ಯುಮ್ನನ ಕಡೆ ಮಾಡಿ ಚಾಚಿದ.

"ತಗೋರಿ," ಅಂದ. "ನಮ್ಮಾಕಿ ಛಲೋ ಹೇಳಿಕೊಡ್ತಾಳ. ಕಲೀರಿ. ನಮ್ಮಪ್ಪ ಇದ್ದಿದ್ರ ಅವನೂ ಕಲಿಸ್ತಿದ್ದ. ಅವನಿಗೆ ಯಾರೂ ಕೇಳಲಿಲ್ಲ."

ನಮ್ಮಪ್ಪ ಅಂದ. ಹನ್ನೊಂದು ವರ್ಷದಲ್ಲಿ ಪರರ ಎದುರು ಮೊದಲ ಸಲ ಅಂದ.

ಟೀಚರ್ ಏನೇನೋ ಕೂಗಿದರು. ಒಳಗಿನ ಹಾಡು ನಿಂತಿತು. ಪುರೋಹಿತರು ಬಾಗಿಲಿಗೆ ಬಂದು ಗಡಿಯಾರ ನೋಡಿ, "ಇನ್ನು ಇಪ್ಪತ್ತೇ ನಿಮಿಷ. ಯಾರಾದರೂ ಮುಗಿಸಿ. ಅಪ್ಪ ಮಾಡಿದರೆ ದೋಷವಿಲ್ಲ," ಅಂದು ಒಳಗೆ ಹೋದರು. ಇಷ್ಟು ದಿನ ಇದ್ದ ದೋಷ ಇಪ್ಪತ್ತು ನಿಮಿಷದಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

ಪ್ರದ್ಯುಮ್ನ ಕತ್ತಿ ತೆಗೆದುಕೊಂಡ. ಬೇರೆ ದಾರಿ ಇರಲಿಲ್ಲ. ಮಗುವನ್ನು ಹೆಂಡತಿಯ ತೊಡೆಗೆ ಕೊಟ್ಟು, ತಾನು ಸಿಮೆಂಟಿನ ಮೇಲೆ ಮಂಡಿಯೂರಿದ. ರೇಷ್ಮೆ ಪಂಚೆಗೆ ನೊರೆ, ಕೂದಲು ಮೆತ್ತಿತು. ನಾನು ಕುರ್ಚಿಯಿಂದ ಹೇಳಿದೆ.

"ಎಡಗೈ ಹೆಬ್ಬೆಟ್ಟಲೆ ಚರ್ಮ ಹಿಂದಕ್ಕ ಎಳೀರಿ. ಹಂಗಲ್ಲ, ಹಗೂರ. ಹಾಂ. ಕೂದಲ ಯಾವ ಕಡೆ ಬೆಳದೈತಿ ನೋಡ್ರಿ, ಆ ಕಡೆಗೇ ಹೋಗ್ರಿ. ಸಣ್ಣ ಸಣ್ಣ ಎಳತ."

ಅವನು ಒಂದು ಎಳೆತ ಎಳೆದ. ಒಂದು ಬೆರಳಗಲ ಬೋಳಾಯಿತು. ಅವನ ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಪ್ರಿಯಂವದಾ ಕಣ್ಣು ಮುಚ್ಚಿಕೊಂಡಳು. ಎರಡನೇ ಎಳೆತಕ್ಕೆ ಮೊದಲು ಅವನು ತಲೆ ಎತ್ತದೆ, ನನಗೂ ಸಂಗಮೇಶನಿಗೂ ಮಾತ್ರ ಕೇಳುವ ಹಾಗೆ ಅಂದ:

"ನಾಳೆದು ಮರೆತುಬಿಡಿ. ಮುಗೀತು."

ಸಂಗಮೇಶ ಗೋಡೆಗೆ ಒರಗಿ ಕೂತುಬಿಟ್ಟ. ಎಲ್ಲವೂ ಒಂದೇ ಸಲ ಕೈಬಿಟ್ಟು ಹೋಯಿತು. ಉಳಿದ ಎಪ್ಪತ್ತು ಗಂಟೆ, ಮಗಳ ಶಾಲೆ, ಬಾಡಿಗೆ ಮನೆಯ ಆ ಸಣ್ಣ ಬಾಲ್ಕನಿ. ಅಲ್ಲಿ ಅಳಲು ನನಗೆ ಪುರುಸೊತ್ತಿರಲಿಲ್ಲ. ಕತ್ತಿ ಮಗುವಿನ ನೆತ್ತಿಯ ಮೇಲೆ ನೆಟ್ಟಗೆ ನಿಂತಿತ್ತು.

"ಮರತೀವ್ರಿ," ಅಂದೆ. "ಈಗ ಉಸಿರು ಬಿಡ್ರಿ. ಬ್ಲೇಡ್ ಮಲಗಿಸಿ ಹಿಡೀರಿ. ಕೂಸಿನ ತಲಿ ಅದು."